ವ್ಯಾಕ್ಸಿನ್ ಡಿಪೋ ಮತ್ತು ಒಂದು ಗುಳ್ಳೆಯ ಚರಿತ್ರೆ

ಖಾನಾಪುರಕ್ಕೆ ಹೋದಾಗಲೆಲ್ಲ ಆಯಿ ಕೇಳುವ ಪ್ರಶ್ನೆ ಒಂದೇ: "ತಂಗಿ, ನಿನ್ನ ಸಾಲಿ ಇನ್ನೂ ಮುಗದಿಲ್ಲೇನ?" 28 ವರ್ಷದ ಮೊಮ್ಮಗಳು ಬೆಳಗಾವಿಯಲ್ಲಿ ರೂಮು ಹಿಡಿದು ಇನ್ನೂ ಓದುತ್ತಲೇ ಇದ್ದಾಳೆ ಎಂಬುದು ಅವಳಿಗೆ ಬಿಡಿಸಲಾಗದ ಒಗಟು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಅವಳು ಅಷ್ಟಕ್ಕೇ ಬಿಡಲಿಲ್ಲ. "ಓದ್ತೀನಿ ಓದ್ತೀನಿ ಅಂತಿ, ಏನ್ ಓದ್ತಿ ಅನ್ನೂದರ ಹೇಳು" ಎಂದಳು.

ನಾನು ಪಿಎಚ್.ಡಿ. ಮಾಡುತ್ತಿರುವುದು ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್‌ಗಳ ಬಗ್ಗೆ. ನಮ್ಮ ಜೀವಕೋಶಗಳು ತಮ್ಮದೇ ಪೊರೆಯಿಂದ ಅತಿ ಸಣ್ಣ ಗುಳ್ಳೆಗಳನ್ನು ಮಾಡಿ ಹೊರಗೆ ಬಿಡುತ್ತಿರುತ್ತವೆ. ವೈರಸ್ ಹೊಕ್ಕ ಜೀವಕೋಶ ಬಿಡುವ ಗುಳ್ಳೆಯೊಳಗೆ ಏನಿರುತ್ತದೆ, ಅದನ್ನು ಕಂಡು ಉಳಿದ ಜೀವಕೋಶಗಳು ಏನು ಮಾಡುತ್ತವೆ ಎಂಬುದು ನನ್ನ ಪ್ರಶ್ನೆ. ಇದನ್ನು ಆಯಿಗೆ ಹೇಗೆ ಹೇಳುವುದು? "ಮೈಯೊಳಗ ಕಣ್ಣಿಗೆ ಕಾಣಲಾರದಂಥಾ ಗುಳ್ಳಿ ಇರತಾವ ಆಯಿ, ಅವುನ್ನ ಓದ್ತೀನಿ" ಎಂದೆ.

ಆಯಿ ಸೆರಗು ಸರಿಸಿ ಎಡತೋಳು ಮುಂದೆ ಚಾಚಿದಳು. ಹಳೆಯ ನಾಲ್ಕಾಣೆಯಷ್ಟು ಅಗಲದ ಎರಡು ಗುಂಡನೆಯ ಕಲೆಗಳು. "ಇಂಥಾ ಗುಳ್ಳಿನೇನ?"

ನಾನು ನಕ್ಕುಬಿಟ್ಟೆ. ಆಯಿ ನಗಲಿಲ್ಲ. ಆ ಕಲೆಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ, ಆದರೆ ಅವುಗಳ ಕಥೆಯನ್ನು ಅವಳು ಹೇಳಿದ್ದು ಆವತ್ತೇ. ಅವಳ ತವರು ಜಾಂಬೋಟಿ ಕಡೆಯ ಒಂದು ಹಳ್ಳಿ. ಬೆಳಗಾವಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ, ಅಂದರೆ 1956ಕ್ಕಿಂತ ಹಿಂದೆ. ಊರಿಗೆ 'ದೇವಿ ಡಾಕ್ಟರ' ಬಂದಿದ್ದ. ನಮ್ಮ ಕಡೆ ಕನ್ನಡದಲ್ಲಿ ಸಿಡುಬಿಗೆ ಮೈಲಿ ಎಂಬ ಹೆಸರೂ ಇದೆ. ಮರಾಠಿಯಲ್ಲಿ ಅದು ದೇವಿ. ರೋಗವೂ ದೇವಿ, ರೋಗ ತಂದವಳೂ ದೇವಿ, ಚುಚ್ಚಿಸಿಕೊಳ್ಳುವುದಕ್ಕೂ ದೇವಿ ಎಂದೇ ಹೆಸರು. ಡಾಕ್ಟರ ಬಂದ ಎಂದ ಕೂಡಲೇ ಹೆಂಗಸರು ಮಕ್ಕಳನ್ನು ಒಳಗೆ ತಳ್ಳಿದರು. ಎಂಟೊಂಬತ್ತು ವರ್ಷದ ಆಯಿ ತನ್ನ ತಂಗಿಯನ್ನು ಭತ್ತದ ಕಣಜದ ಹಿಂದೆ ಅಡಗಿಸಿಟ್ಟು, ಬಾಗಿಲಿಗೆ ಬಂದು ನಿಂತಳು. ಸಿಕ್ಕಿಬಿದ್ದಳು. ತಿರುಗುವ ಹಲ್ಲಿನ ಒಂದು ಸಣ್ಣ ಉಪಕರಣವನ್ನು ತೋಳಿಗೆ ಒತ್ತಿ ತಿರುವಿದರು. ನಾಲ್ಕೈದು ದಿನಕ್ಕೆ ನೀರು ತುಂಬಿದ ಗುಳ್ಳೆ ಎದ್ದಿತು, ಜ್ವರ ಬಂತು, ಹಕ್ಕಳೆ ಬಿತ್ತು. ಮುಂದಿನ ಬ್ಯಾಸಗಿಗೆ ಊರಿಗೆ ಮೈಲಿ ಬಂತು. ಆಯಿಗೆ ಏನೂ ಆಗಲಿಲ್ಲ. "ನಮ್ಮ ಸಣ್ಣಾಕಿ ಹ್ವಾದ್ಳು" ಎಂದು ಅಷ್ಟೇ ಹೇಳಿ ಸೆರಗು ಮುಚ್ಚಿಕೊಂಡಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೆಸಿಕಲ್ ಎಂಬ ಶಬ್ದವನ್ನು ಇಷ್ಟು ವರ್ಷ ಬಳಸಿದರೂ, ಅದಕ್ಕೆ ವೈದ್ಯಕೀಯದಲ್ಲಿ ಇರುವ ಹಳೆಯ ಅರ್ಥ ಚರ್ಮದ ಮೇಲಿನ ನೀರ್ಗುಳ್ಳೆ ಎಂಬುದನ್ನು ನಾನು ಮರೆತಿದ್ದೆ. ಮುಂಬಯಿ ಇಲಾಖೆಯ ಹಳೆಯ ಲಸಿಕಾ ವರದಿಗಳನ್ನು ಓದತೊಡಗಿದಾಗ ಪುಟಪುಟದಲ್ಲೂ ಅದೇ ಶಬ್ದ ಎದುರಾಯಿತು. ಆಯಿ ಕೇಳಿದ್ದು ತಪ್ಪು ಪ್ರಶ್ನೆಯಾಗಿರಲಿಲ್ಲ.

ಬೆಳಗಾವಿಯವರಿಗೆ 'ವ್ಯಾಕ್ಸಿನ್ ಡಿಪೋ' ಎಂದರೆ ಟಿಳಕವಾಡಿಯ ದೊಡ್ಡ ಮರಗಳಿರುವ ವಿಶಾಲವಾದ ಬಯಲು. ಬೆಳಿಗ್ಗೆ ವಾಕಿಂಗಿಗೆ ಬರುವವರು, ರವಿವಾರ ಕ್ರಿಕೆಟ್ ಆಡುವ ಹುಡುಗರು. ನಾನೂ ಅಲ್ಲಿ ಎಷ್ಟೋ ಸಲ ನಡೆದಿದ್ದೇನೆ. ಹೆಸರು ಯಾಕೆ ಹಾಗಿದೆ ಎಂದು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿ ಸರಕಾರ ಇಲ್ಲಿ ಸಿಡುಬಿನ ಲಸಿಕೆ ತಯಾರಿಸುವ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟನ್ನು ನೆಲೆಗೊಳಿಸಿತು. ಆಗಿನ ಲಸಿಕೆಗೆ ಬಿಸಿಲೇ ಶತ್ರು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದ ಈ ತಂಪಾದ ಊರಿನಲ್ಲಿ ರೈಲೂ ಇತ್ತು, ದಂಡಿನ ಪ್ರದೇಶವೂ ಇತ್ತು, ಸುತ್ತಲಿನ ಹಳ್ಳಿಗಳಲ್ಲಿ ದನಕರುಗಳಿಗೂ ಕೊರತೆ ಇರಲಿಲ್ಲ.

ದನಕರು ಯಾಕೆ ಎಂದು ತಿಳಿಯಲು ಇನ್ನೂ ಒಂದು ಶತಮಾನ ಹಿಂದೆ ಹೋಗಬೇಕು. 1796ರಲ್ಲಿ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಂಗಸೊಬ್ಬಳ ಕೈಮೇಲಿನ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು ಒಬ್ಬ ಹುಡುಗನಿಗೆ ಹಾಕಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಆ ರಸ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಅದನ್ನು ದೂರ ಒಯ್ಯಲು ಇದ್ದ ಭರವಸೆಯ ದಾರಿ ಮನುಷ್ಯನ ತೋಳು. ಒಬ್ಬರಿಗೆ ಹಾಕಿ, ವಾರದ ಹೊತ್ತಿಗೆ ಗುಳ್ಳೆ ತುಂಬಿದಾಗ ಅದರ ರಸವನ್ನು ಇನ್ನೊಬ್ಬರಿಗೆ ಹಾಕಬೇಕು, ಅವರಿಂದ ಮತ್ತೊಬ್ಬರಿಗೆ. 1803ರಲ್ಲಿ ಸ್ಪೇನಿನಿಂದ ಹೊರಟ ಹಡಗೊಂದು 22 ಅನಾಥ ಬಾಲಕರನ್ನು ಹೀಗೆ ಸರಪಳಿಯಂತೆ ಬಳಸಿ ಅಟ್ಲಾಂಟಿಕ್ ದಾಟಿಸಿತು. ಭಾರತಕ್ಕೆ ಅದು ಬಾಗ್ದಾದ್, ಬಸ್ರಾಗಳ ಮೂಲಕ ಬಂತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲೆಯ ತೋಳಿನಲ್ಲಿ ಗುಳ್ಳೆ ಎದ್ದಿತು. ಅವಳ ತೋಳಿನಿಂದ ತೆಗೆದ ರಸವೇ ದೇಶದ ಬೇರೆ ಬೇರೆ ಕಡೆಗೆ ಹೊರಟದ್ದು.

ಮೈಸೂರಿನ ಕಥೆಯನ್ನು ಹಲವರು ಕೇಳಿರಬಹುದು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ರಾಜಸ್ತ್ರೀಯರ ಚಿತ್ರ ಲಸಿಕೆಯ ಪ್ರಚಾರಕ್ಕೆಂದೇ ಮಾಡಿಸಿದ್ದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಸೆರಗು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಿದ್ದಾಳೆ. ಆಯಿ ತೋಳು ಚಾಚಿದ ರೀತಿ ನೆನಪಾಗಿ ಆ ಚಿತ್ರವನ್ನು ನಾನು ಮತ್ತೆ ಹುಡುಕಿ ನೋಡಿದೆ. ಅಂತರ ಇಷ್ಟೇ: ರಾಣಿಯನ್ನು ನೋಡಿ ಊರು ಧೈರ್ಯ ತಾಳಲಿ ಎಂದು ಅರಮನೆ ಚಿತ್ರ ಮಾಡಿಸಿತು. ತೋಳಿನಿಂದ ತೋಳಿಗೆ ರಸ ಹೊತ್ತ ಸಾವಿರಾರು ಬಡವರ ಮಕ್ಕಳ ಚಿತ್ರವನ್ನು ಯಾರೂ ಮಾಡಿಸಲಿಲ್ಲ.

ಆ ಹೊರೆ ಸಣ್ಣದಾಗಿರಲಿಲ್ಲ. ತುಂಬಿದ ಗುಳ್ಳೆಯನ್ನು ಚುಚ್ಚಿ ರಸ ತೆಗೆಯುವುದು ಮಗುವಿಗೆ ಎರಡನೆಯ ನೋವು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡಿಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಜಾತಿ. ಕೆಳಜಾತಿಯ ಮಗುವಿನ ತೋಳಿನ ರಸ ತಮ್ಮ ಮಗುವಿನ ಮೈಗೆ ಸೇರುವುದನ್ನು ಮೇಲ್ಜಾತಿಯವರು ಒಪ್ಪುತ್ತಿರಲಿಲ್ಲ. ಹಾಗಿದ್ದೂ ರಸ ತೆಗೆಯಲು ಸಿಗುತ್ತಿದ್ದವರು ಹೆಚ್ಚಾಗಿ ಬೇಡವೆನ್ನುವ ಬಲವಿಲ್ಲದವರ ಮಕ್ಕಳೇ. ಮುಟ್ಟಲಾಗದ ಮೈಯಿಂದಲೇ ಜೀವ ಉಳಿಸುವ ರಸ ಬರಬೇಕಾಗಿತ್ತು. ಮೂರನೆಯದು ನಿಜವಾದ ಅಪಾಯ. 1861ರಲ್ಲಿ ಇಟಲಿಯ ರಿವಾಲ್ಟಾ ಎಂಬಲ್ಲಿ ಹೀಗೆ ತೋಳಿನಿಂದ ತೋಳಿಗೆ ಹಾಕಿದ ಲಸಿಕೆಯೊಂದಿಗೆ ಸಿಫಿಲಿಸ್ ರೋಗವೂ ಮಕ್ಕಳಿಗೆ ದಾಟಿತು.

ಮಕ್ಕಳ ತೋಳಿನ ಬದಲು ಕರುವಿನ ಹೊಟ್ಟೆ ಬಂದದ್ದು ಹೀಗೆ. ಭಾರತದಲ್ಲಿ ಹೆಚ್ಚಾಗಿ ಎಮ್ಮೆಗರುಗಳನ್ನು ಬಳಸುತ್ತಿದ್ದರು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ತೊಳೆದು, ಚರ್ಮದ ಮೇಲೆ ಗೀರು ಹಾಕಿ, ಮೂಲರಸವನ್ನು ತಿಕ್ಕುವುದು. ಸುಮಾರು ಐದು ದಿನಕ್ಕೆ ಗೀರುಗಳ ಉದ್ದಕ್ಕೂ ಗುಳ್ಳೆಗಳು ಏಳುತ್ತವೆ. ಅವನ್ನು ಚೂಪು ಅಂಚಿನ ಚಮಚದಿಂದ ಕೆರೆದು, ಅರೆದು, ಗ್ಲಿಸರಿನ್ ಬೆರೆಸಿ, ತಂಪಿನಲ್ಲಿಟ್ಟು, ಸಣ್ಣ ಗಾಜಿನ ಕೊಳವೆಗಳಿಗೆ ತುಂಬುವುದು. ಗ್ಲಿಸರಿನ್ ಬೆರೆಸಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಲಸಿಕೆಯ ಸತ್ವ ಉಳಿಯುತ್ತದೆ ಎಂದು 1890ರ ದಶಕದಲ್ಲಿ ಮಾಂಕ್ಟನ್ ಕೋಪ್‌ಮನ್ ತೋರಿಸಿದ್ದರು. ಒಂದು ಕರುವಿನಿಂದ ಸಾವಿರಾರು ಜನರಿಗೆ ಸಾಕಾಗುವಷ್ಟು ಲಸಿಕೆ. ಆಯಿಯ ತೋಳಿಗೆ ಬಿದ್ದದ್ದೂ ಇಂಥದೇ ರಸವಿರಬೇಕು, ಬಹುಶಃ ಟಿಳಕವಾಡಿಯಿಂದಲೇ ಬಂದದ್ದು. ಅವಳ ಹಳ್ಳಿಗೂ ಡಿಪೋಗೂ ಒಂದು ದಿನದ ದಾರಿಯೂ ಇಲ್ಲ.

ಸ್ವಾತಂತ್ರ್ಯದ ನಂತರ ಡಿಪೋದ ಕೆಲಸ ಇನ್ನೂ ದೊಡ್ಡದಾಯಿತು. ಗ್ಲಿಸರಿನ್ ಲಸಿಕೆ ನಮ್ಮ ಬೇಸಿಗೆಯನ್ನು ತಾಳುತ್ತಿರಲಿಲ್ಲ. 1950ರ ದಶಕದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್, ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸುವ ವಿಧಾನವನ್ನು ದೊಡ್ಡ ಪ್ರಮಾಣದ ತಯಾರಿಗೆ ಒಗ್ಗಿಸಿದರು. 1962ರಲ್ಲಿ ಭಾರತ ರಾಷ್ಟ್ರೀಯ ಸಿಡುಬು ನಿರ್ಮೂಲನಾ ಕಾರ್ಯಕ್ರಮ ಆರಂಭಿಸಿತು. ಮೊದಲ ವರ್ಷಗಳಲ್ಲಿ ಒಣ ಲಸಿಕೆಯ ದೊಡ್ಡ ಪಾಲು ಸೋವಿಯತ್ ಒಕ್ಕೂಟದ ಕೊಡುಗೆಯಾಗಿ ಬಂತು. ಬಳಿಕ ದೇಶದೊಳಗೆ ಅದನ್ನು ತಯಾರಿಸಿದ್ದು ನಾಲ್ಕು ಕೇಂದ್ರಗಳು: ನೈನಿತಾಲ್ ಹತ್ತಿರದ ಪಟವಾಡಾಂಗರ್, ಚೆನ್ನೈನ ಗಿಂಡಿ, ಹೈದರಾಬಾದ್ ಮತ್ತು ಬೆಳಗಾವಿ. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ಪತ್ತೆಯಾಯಿತು. 1977ರಲ್ಲಿ ಭಾರತ ಸಿಡುಬುಮುಕ್ತ ಎಂಬ ಪ್ರಮಾಣಪತ್ರ, 1980ರ ಮೇ 8ರಂದು ಇಡೀ ಜಗತ್ತಿನ ಘೋಷಣೆ. ಮನುಷ್ಯ ಪೂರ್ತಿಯಾಗಿ ಅಳಿಸಿಹಾಕಿದ ಮನುಷ್ಯರ ರೋಗ ಇಂದಿಗೂ ಅದೊಂದೇ. ಅದರಲ್ಲಿ ಬೆಳಗಾವಿಯ ಪಾಲೂ ಇದೆ ಎಂದು ನಮಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಈಗ ನನ್ನ ಗುಳ್ಳೆಗೆ ಬರುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ ಸಿಡುಬಿನ ವಿರುದ್ಧ ತೀವ್ರ ಕಾರ್ಯಕ್ರಮ ಆರಂಭಿಸಿದ್ದು 1967ರಲ್ಲಿ. ಅದೇ ವರ್ಷ ಪೀಟರ್ ವುಲ್ಫ್ ಎಂಬ ವಿಜ್ಞಾನಿ ರಕ್ತದ ಪ್ಲೇಟ್‌ಲೆಟ್‌ಗಳಿಂದ ಉದುರುವ ಅತಿ ಸೂಕ್ಷ್ಮ ಕಣಗಳ ಬಗ್ಗೆ ಬರೆದು, ಅವನ್ನು ಪ್ಲೇಟ್‌ಲೆಟ್ಟಿನ ಧೂಳು ಎಂದು ಕರೆದರು. ಧೂಳಿಗೆ ಯಾರು ಬೆಲೆ ಕೊಡುತ್ತಾರೆ? 1983ರಲ್ಲಿ ಎರಡು ಪ್ರಯೋಗಾಲಯಗಳು, ಬಲಿಯುತ್ತಿರುವ ಕೆಂಪು ರಕ್ತಕಣಗಳು ತಮಗೆ ಬೇಡವಾದ ಪ್ರೋಟೀನನ್ನು ಪುಟ್ಟ ಗುಳ್ಳೆಗಳಲ್ಲಿ ಕಟ್ಟಿ ಹೊರಗೆ ಹಾಕುವುದನ್ನು ಕಂಡವು. ಅವರಲ್ಲಿ ಒಬ್ಬರಾದ ಕೆನಡಾದ ರೋಸ್ ಜಾನ್‌ಸ್ಟೋನ್ 1987ರಲ್ಲಿ ಅವಕ್ಕೆ ಎಕ್ಸೋಸೋಮ್ ಎಂಬ ಹೆಸರು ಕೊಟ್ಟರು. ಆಗಲೂ ಹೆಚ್ಚಿನವರಿಗೆ ಅದು ಜೀವಕೋಶದ ಕಸದ ಚೀಲ.

ಆ ಅಭಿಪ್ರಾಯ ಬದಲಾಗಿದ್ದು 1996ರಲ್ಲಿ. ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳು ಹೊರಬಿಡುವ ಗುಳ್ಳೆಗಳು ರೋಗಾಣುವಿನ ತುಣುಕನ್ನು ಹೊತ್ತೊಯ್ದು ಟಿ ಜೀವಕೋಶಗಳಿಗೆ ತೋರಿಸಬಲ್ಲವು ಎಂದು ಗ್ರಾಸಾ ರಪೋಸೊ ಮತ್ತು ಸಂಗಡಿಗರು ಕಂಡುಕೊಂಡರು. ಕಸದ ಚೀಲವೆಂದುಕೊಂಡದ್ದು ಟಪಾಲು ಚೀಲವಾಗಿತ್ತು. 2007ರಲ್ಲಿ ಅದರೊಳಗೆ ಆರ್‌ಎನ್‌ಎ ಕೂಡ ಇರುತ್ತದೆ ಎಂದು ಸ್ವೀಡನ್ನಿನಿಂದ ವರದಿ ಬಂತು. ಈ ಗುಳ್ಳೆಗಳಲ್ಲಿ ಸಣ್ಣವು 30ರಿಂದ 150 ನ್ಯಾನೋಮೀಟರ್ ಅಡ್ಡಳತೆಯವು. ಅನೇಕ ವೈರಸ್‌ಗಳದ್ದೂ ಹೆಚ್ಚುಕಡಿಮೆ ಅದೇ ಗಾತ್ರ. ಎರಡನ್ನೂ ಬೇರ್ಪಡಿಸುವುದೇ ಪ್ರಯೋಗಾಲಯದಲ್ಲಿ ನನ್ನ ದಿನದ ಗೋಳು.

ಗಾತ್ರ ಮಾತ್ರವಲ್ಲ, ವೇಷವೂ ಒಂದೇ ಆಗಬಹುದು. ವೈರಸ್‌ಗಳು ಈ ಟಪಾಲನ್ನು ಕದಿಯುತ್ತವೆ. ಹೆಪಟೈಟಿಸ್ ಎ ವೈರಸ್ಸಿಗೆ ಹೊರಪೊರೆಯೇ ಇಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅದು ರಕ್ತದಲ್ಲಿ ನಮ್ಮದೇ ಜೀವಕೋಶದ ಪೊರೆ ಹೊದ್ದು ಓಡಾಡುತ್ತದೆ, ಹಾಗಾಗಿ ಪ್ರತಿಕಾಯಗಳ ಕೈಗೆ ಸಿಗುವುದಿಲ್ಲ ಎಂದು 2013ರಲ್ಲಿ ಗೊತ್ತಾಯಿತು. ಪೋಲಿಯೋ ವೈರಸ್‌ಗಳು ಒಂದೇ ಗುಳ್ಳೆಯಲ್ಲಿ ಗುಂಪಾಗಿ ಪ್ರಯಾಣ ಮಾಡುತ್ತವೆ ಎಂದು 2015ರಲ್ಲಿ ತಿಳಿಯಿತು.

ಇದನ್ನೆಲ್ಲ ಮೊದಲೇ ಕಲಿಸಬಹುದಾಗಿದ್ದ ವೈರಸ್ ಡಿಪೋದ ಕರುವಿನ ಹೊಟ್ಟೆಯಲ್ಲೇ ಇತ್ತು. ಸಿಡುಬಿನ ಲಸಿಕೆಯಲ್ಲಿದ್ದದ್ದು ವ್ಯಾಕ್ಸೀನಿಯಾ ಎಂಬ ವೈರಸ್. ಜೀವಕೋಶದೊಳಗೆ ಅದು ಎರಡು ರೂಪದಲ್ಲಿ ತಯಾರಾಗುತ್ತದೆ. ಹೆಚ್ಚಿನವು ಒಳಗೇ ಉಳಿದು, ಜೀವಕೋಶ ಒಡೆದಾಗ ಹೊರಬರುತ್ತವೆ. ಕೆಲವು ಮಾತ್ರ ಜೀವಕೋಶದ ಪೊರೆಯನ್ನು ಮೇಲಿಂದ ಇನ್ನೊಂದು ಸುತ್ತು ಹೊದ್ದು ಹೊರಟು ದೇಹದೊಳಗೆ ದೂರ ಹರಡುತ್ತವೆ. ಆ ಹೊದಿಕೆಯಲ್ಲಿ ನಮ್ಮದೇ ದೇಹದ ಕೆಲವು ಪ್ರೋಟೀನುಗಳಿರುವುದರಿಂದ ರಕ್ತದ ಕಾವಲು ವ್ಯವಸ್ಥೆ ಅವನ್ನು ತನ್ನವರೆಂದು ಬಿಟ್ಟುಬಿಡುತ್ತದೆ ಎಂದು 1998ರಲ್ಲಿ ತೋರಿಸಲಾಯಿತು. ಕೊಂದ ವೈರಸ್ಸಿನಿಂದ ಸಿಡುಬಿಗೆ ಲಸಿಕೆ ಮಾಡುವ ಪ್ರಯತ್ನಗಳು ಯಾಕೆ ಸೋತವು ಎಂಬುದಕ್ಕೂ ಇದರಲ್ಲಿ ಉತ್ತರವಿತ್ತು. ಕೊಂದ ವೈರಸ್ಸಿನಲ್ಲಿ ಇದ್ದದ್ದು ಬರಿಮೈಯ ರೂಪ ಮಾತ್ರ. ಹೊದ್ದುಕೊಂಡು ಬರುವವನ ಗುರುತನ್ನು ದೇಹ ಕಲಿಯುತ್ತಲೇ ಇರಲಿಲ್ಲ.

ಕರುವಿನಿಂದ ಬಂದ ಜೀವಂತ ರಸ ಆಯಿಯ ತೋಳಿನಲ್ಲಿ ಗುಳ್ಳೆಯಾಗಿ ಎದ್ದಾಗ, ವೈರಸ್ ಅಲ್ಲಿ ಬೆಳೆದು ಎರಡೂ ರೂಪಗಳನ್ನು ತೋರಿಸಿತು. ಅವಳ ದೇಹ ಎರಡನ್ನೂ ಗುರುತು ಹಿಡಿಯಿತು. ಆ ಎಂಟು ದಿನದ ಜ್ವರ ವ್ಯರ್ಥವಾಗಿರಲಿಲ್ಲ. ಇದನ್ನು ಲಸಿಕೆ ಹಾಕಿದವನೂ ತಿಳಿದಿರಲಿಲ್ಲ, ಡಿಪೋದಲ್ಲಿ ಕರು ಹಿಡಿದು ನಿಲ್ಲುತ್ತಿದ್ದವರೂ ತಿಳಿದಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ: ಗುಳ್ಳೆ ಏಳಬೇಕು, ಎದ್ದರೆ ಲಸಿಕೆ ಹಿಡಿದಂತೆ. ಕಾರಣ ತಿಳಿಯುವ ಮೊದಲೇ ಕೈ ಕಲಿತುಕೊಂಡಿದ್ದ ವಿದ್ಯೆ ಅದು.

ಇದನ್ನು ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ಖಾನಾಪುರ ಕಾಡಿನ ತಾಲೂಕು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾದ ಸತ್ತರಿ. ಫೆಬ್ರುವರಿಯಿಂದ ಅಲ್ಲಿ ಗೇರುಬೀಜದ ಸುಗ್ಗಿ, ನಮ್ಮ ಕಡೆಯ ಕೂಲಿಕಾರರು ಅಲ್ಲಿಗೆ ಹೋಗುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ, ಬಹುಕಾಲ ಆ ಸುತ್ತಿನ ಜಿಲ್ಲೆಗಳಲ್ಲೇ ಇತ್ತು. 2015ರಲ್ಲಿ ಅದು ಸತ್ತರಿಯ ಪಾಲಿ ಎಂಬ ಹಳ್ಳಿಯಲ್ಲಿ ಕಾಣಿಸಿತು, ಮರುವರ್ಷ ಸಿಂಧುದುರ್ಗದ ದೋಡಾಮಾರ್ಗದಲ್ಲಿ. ಗೋವಾದ ಗೇರು ತೋಟಗಳಿಗೆ ದುಡಿಯಲು ಹೋಗಿ ಬಂದ ಬೆಳಗಾವಿ ಜಿಲ್ಲೆಯವರಲ್ಲೂ 2016ರಲ್ಲಿ ಸೋಂಕು ಪತ್ತೆಯಾಯಿತು. ಇದನ್ನು ಹರಡುವುದು ಉಣ್ಣಿ, ಅದರಲ್ಲೂ ಎಳೆಯ ಉಣ್ಣಿ. ಅವು ಹೆಚ್ಚಾಗುವ ತಿಂಗಳುಗಳೂ ಗೇರು ಸುಗ್ಗಿಯ ತಿಂಗಳುಗಳೂ ಒಂದೇ.

2018ರಲ್ಲಿ ಅಮೆರಿಕದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದ ಹಮೀದಾ ಸುಲ್ತಾನಾ ಮತ್ತು ಗಿರೀಶ್ ನೀಲಕಂಠ ಅವರ ತಂಡ ಒಂದು ಲೇಖನ ಪ್ರಕಟಿಸಿತು. ಅವರು ಬಳಸಿದ್ದು ಲಂಗಾಟ್ ಎಂಬ ವೈರಸ್. ಅದು ಮಂಗನ ಕಾಯಿಲೆಯ ವೈರಸ್ಸಿನಂತೆಯೇ ಉಣ್ಣಿಯಿಂದ ಹರಡುವ ಫ್ಲೇವಿವೈರಸ್ ಗುಂಪಿನದು. ಉಣ್ಣಿಯ ಜೀವಕೋಶಗಳು ಬಿಡುವ ಗುಳ್ಳೆಗಳೊಳಗೆ ಈ ವೈರಸ್ಸಿನ ಆರ್‌ಎನ್‌ಎ ಮತ್ತು ಪ್ರೋಟೀನುಗಳಿರುತ್ತವೆ, ಆ ಗುಳ್ಳೆಗಳಿಂದಲೇ ಮನುಷ್ಯನ ಜೀವಕೋಶಗಳಿಗೆ ಸೋಂಕು ದಾಟಬಲ್ಲದು ಎಂದು ಅವರು ತೋರಿಸಿದರು. ಗುಳ್ಳೆ ಬಿಡುವುದನ್ನು ತಡೆಯುವ ರಾಸಾಯನಿಕ ಹಾಕಿದಾಗ ಸೋಂಕು ತಗ್ಗಿತು. ಮಂಗನ ಕಾಯಿಲೆಯ ವೈರಸ್ಸೂ ಹೀಗೇ ಮಾಡುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಎಲ್ಲಿ ಹುಡುಕಬೇಕು ಎಂಬ ದಿಕ್ಕು ಸಿಕ್ಕಿದೆ.

ಕಳೆದ ಸಲ ಊರಿಗೆ ಹೋದಾಗ ನನ್ನ ಕಾಕಾನ ಮಗ ಗೇರು ಸುಗ್ಗಿಗೆ ಸತ್ತರಿಗೆ ಹೊರಟಿದ್ದ. ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೋ, ತುಂಬು ತೋಳಿನ ಅಂಗಿ ಹಾಕಿಕೋ, ಸಂಜೆ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸು, ಜ್ವರ ಬಂದರೆ ತಡಮಾಡದೆ ದವಾಖಾನೆಗೆ ಹೋಗು ಎಂದು ನಾನು ಹೇಳುತ್ತಿದ್ದೆ. ಆಯಿ ಕೇಳಿಸಿಕೊಂಡು, "ಅದಕ್ಕೂ ದೇವಿ ಡಾಕ್ಟರ ಇಲ್ಲೇನ?" ಎಂದಳು.

ಇದ್ದ ಎಂದು ಹೇಳಬೇಕಾಯಿತು. 1990ರಿಂದ ಕರ್ನಾಟಕದಲ್ಲಿ ಮಂಗನ ಕಾಯಿಲೆಗೆ ಲಸಿಕೆ ಕೊಡುತ್ತಿದ್ದರು. ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸಿನ ಲಸಿಕೆ ಅದು. ಎರಡು ಡೋಸು, ಮೇಲೆ ಮತ್ತೆ ಮತ್ತೆ ಬೂಸ್ಟರ್. ರಕ್ಷಣೆ ಸಾಲದೆಂದು 2022ರ ವೇಳೆಗೆ ಅದು ನಿಂತಿತು. ಹೊಸದರ ತಯಾರಿ ನಡೆದಿದೆ.

"ಬಂದಾಗ ಮೊದಲ ಇವನ್ನ ಕರಕೊಂಡ ಹೋಗು," ಎಂದಳು ಆಯಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಗಿಸೂದು ಬ್ಯಾಡ," ಎಂದಳು.

ಬೆಳಗಾವಿಗೆ ಮರಳಿದ ಮರುದಿನ ಬೆಳಿಗ್ಗೆ ನಾನು ಡಿಪೋಗೆ ಹೋದೆ. ಹುಡುಗರು ಎಂದಿನಂತೆ ಕ್ರಿಕೆಟ್ ಆಡುತ್ತಿದ್ದರು. ಚೆಂಡು ಹೆಕ್ಕಲು ಬಂದವನೊಬ್ಬನನ್ನು, ಇಲ್ಲಿ ಮೊದಲು ಏನಿತ್ತು ಗೊತ್ತೇ ಎಂದು ಕೇಳಿದೆ. "ಡಿಪೋರೀ ಅಕ್ಕಾ, ಬಸ್ಸಿಂದಿರಬೇಕು" ಎಂದು ಓಡಿದ. ನಾನು ಅವನನ್ನು ಮತ್ತೆ ಕರೆದೆ. ಆಟ ನಿಲ್ಲಿಸಿ ನಾಲ್ಕೈದು ಜನ ಬಂದು ಕುಳಿತರು. ಕರುವಿನಿಂದ ಶುರು ಮಾಡಿದೆ.